ಗ್ರಹಣದ ನೀರು

ಮದುವೆಯಾಗಿ ಕಡೂರಿಗೆ ಬಂದ ಮೇಲೆ ತೀರ್ಥಮ್ಮ ತಮ್ಮ ಮನೆ ಬಿಟ್ಟು ಬೇರೆಲ್ಲೂ ಒಂದು ರಾತ್ರಿ ಮಲಗಿದವರಲ್ಲ. ತವರು ಅಜ್ಜಂಪುರದ ಹತ್ತಿರವೇ ಇತ್ತು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ವಾಪಸ್ಸು. ಹೀಗೆ ಕಟ್ಟಿಹಾಕಿದ್ದು ಗಂಡನಲ್ಲ, ಅತ್ತೆಯೂ ಅಲ್ಲ, ಲಿಂಗಪೂಜೆ. ಸ್ನಾನವಾಗದೆ ಪೂಜೆಯಿಲ್ಲ, ಪೂಜೆಯಾಗದೆ ಬಾಯಿಗೆ ಹನಿ ನೀರಿಲ್ಲ, ಇನ್ನೊಬ್ಬರ ಒಲೆಯ ಮೇಲೆ ಬೆಂದದ್ದಂತೂ ಬೇಡವೇ ಬೇಡ. ಇಷ್ಟನ್ನೂ ಹೊತ್ತುಕೊಂಡು ನೆಂಟರ ಮನೆಗೆ ಹೋದರೆ ಅವರಿಗೂ ಸಂಕಟ, ತಮಗೂ ಸಂಕಟ. ಅದಕ್ಕೇ ಹೋಗುವುದನ್ನೇ ಬಿಟ್ಟಿದ್ದರು.

ಅಂಥವರು ಒಂದು ದಿನ ಸೊಸೆಯನ್ನು ಕೇಳಿದ್ದು ಯಾರೂ ಊಹಿಸದ ಮಾತು.

ಕಣ್ಣಿನ ಡಾಕ್ಟರನ್ನು ನೋಡಿಕೊಂಡು ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನರ ಒಣಗುತ್ತಿದೆ, ಹನಿ ಹಾಕುತ್ತಿದ್ದರೆ ಇರುವಷ್ಟು ಸ್ವಲ್ಪ ಕಾಲ ನಿಲ್ಲಬಹುದು, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹತ್ತಿರದ್ದು ಇನ್ನೂ ಕಾಣುತ್ತಿತ್ತು. ದೂರದ್ದೆಲ್ಲ ಹೊಗೆ. ತರೀಕೆರೆ ದಾಟುವಾಗ ತೀರ್ಥಮ್ಮ ಕಿಟಕಿಯಾಚೆಯ ಹೊಗೆಯನ್ನು ನೋಡುತ್ತ ಹೇಳಿದರು, "ಇರೋ ಕಣ್ಣಲ್ಲಿ ಒಂದ್ಸಲ ಚಿಗರೆ ನೋಡ್ಬೇಕು ಕಣೇ."

"ಚಿಗರೆ?"

"ಕೃಷ್ಣಮೃಗ ಅಂತೀರಲ್ಲ ನೀವು ಓದಿದೋರು. ನಮ್ಮಪ್ಪ ಅಮೃತಮಹಲ್ ದನ ಮೇಯೋ ಕಾವಲಿಗೆ ಹತ್ತಿಕಾಳಿನ ಮೂಟೆ ಹೊಡ್ಕೊಂಡು ಹೋಗೋನು. ಹೊತ್ತಾರೆ ಗಾಡಿ ಮುಂದೇನೇ ದಾಟೋವು. ಎತ್ತೂ ನಿಂತ್ಕೊಂಡು ನೋಡೋವು."

ಸೊಸೆ ಸಂಗೀತಾ "ಹೂಂ" ಎಂದಳು. ಅಷ್ಟೇ. ಎರಡು ವರ್ಷದಿಂದ ಅವಳದ್ದು ಅಷ್ಟೇ. ಅವಳ ಗಂಡ ಗುರುಮೂರ್ತಿ ಒಂದು ಸಂಜೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಆವತ್ತಿನಿಂದ ಹುಡುಗಿ ಕಾಲೇಜಿನಲ್ಲಿ ಗಂಟೆಗಟ್ಟಲೆ ಪಾಠ ಹೇಳಿ ಬಂದು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಹೂಂ, ಆಯ್ತು, ಬೇಡ. ಅಳುವುದಿಲ್ಲ, ನಗುವುದಿಲ್ಲ, ಜಗಳಕ್ಕಂತೂ ಬರುವುದೇ ಇಲ್ಲ. ತೀರ್ಥಮ್ಮ ಬೇಕೆಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿ ನೋಡಿದ್ದರು. ತಟ್ಟೆ ಬರಿದು ಮಾಡಿ ಎದ್ದು ಹೋಗಿದ್ದಳು.

ಆದರೆ ಆ ಹೂಂ ಬರೀ ಹೂಂ ಆಗಿರಲಿಲ್ಲ. ಮಾರನೇ ವಾರ ಮನೆ ಮುಂದೆ ಟಾರ್ಪಾಲು ಹೊದ್ದು ನಿಂತಿದ್ದ ಟೆಂಪೋ ಟ್ರಾವೆಲರ್ ಬಯಲಿಗೆ ಬಂತು. ಗುರುಮೂರ್ತಿ ಟ್ರಿಪ್ಪಿಗೆ ಬಿಡುತ್ತಿದ್ದ ಗಾಡಿ. ಅದನ್ನು ಓಡಿಸುವುದನ್ನು ಹೆಂಡತಿಗೆ ಅವನೇ ಕಲಿಸಿದ್ದ. ಸೊಸೆ ಅದನ್ನು ಬಾಡಿ ಕಟ್ಟುವ ಖಲಂದರನ ಶೆಡ್ಡಿಗೆ ಬಿಟ್ಟು ಬಂದಳು. ಸೀಟು ಕಿತ್ತು, ಆರ್‌ಟಿಓ ಕಚೇರಿಗೆ ಅಲೆದು, ಮೂರು ತಿಂಗಳಲ್ಲಿ ಗಾಡಿಯೊಳಗೆ ಒಂದು ಮನೆ ಎದ್ದಿತು. ನೋಡಲು ಹೋದ ತೀರ್ಥಮ್ಮ ಬಾಗಿಲಲ್ಲೇ ನಿಂತರು.

"ಹೊಸ್ತಿಲು ಎಲ್ಲಪ್ಪಾ?"

ಖಲಂದರ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಇಳಿಸಿದ. "ಅಮ್ಮಾ, ಇದು ಗಾಡಿ."

"ಒಲೆ ಐತೆ, ಹಾಸಿಗೆ ಐತೆ, ಬಚ್ಚಲೂ ಐತೆ. ಹೊಸ್ತಿಲಿಲ್ದೆ ಮನೆ ಹೆಂಗಾಯ್ತದೆ?"

"ಹಂಗಾದ್ರೆ ಹಿಂದುಗಡೆ ಒಂದು ಬಾವೀನೂ ತೋಡ್ಬಿಡ್ಲಾ?"

"ತೋಡು. ನೀರು ಮಾತ್ರ ಸಿಹಿ ಇರ್ಲಿ."

ಅವನು ಬಿದ್ದು ಬಿದ್ದು ನಕ್ಕ. ಆದರೆ ಮಾರನೇ ದಿನ ತೇಗದ ಒಂದು ಪಟ್ಟಿ ತಂದು ಬಾಗಿಲಡಿಗೆ ಬಿಗಿದ. ತೀರ್ಥಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಬಲಗಾಲಿಟ್ಟು ಒಳಗೆ ಹೋಗಿ, ಪುಟ್ಟ ಒಲೆಯ ಮೇಲೆ ಹಾಲುಕ್ಕಿಸಿದರು. ಹಾಲು ಸುತ್ತಲೂ ಉಕ್ಕಲಿಲ್ಲ, ಒಂದೇ ಪಕ್ಕಕ್ಕೆ ಸುರಿಯಿತು. ಅವರ ಮುಖ ಸಪ್ಪಗಾದದ್ದು ನೋಡಿ ಖಲಂದರ್ ಹೇಳಿದ, "ಅಪಶಕುನ ಅಲ್ಲಮ್ಮಾ, ಗಾಡಿ ವಾಲ್ಕೊಂಡಿದೆ. ಎಲ್ಲಿ ನಿಲ್ಸಿದ್ರೂ ಮೊದಲು ಮಟ್ಟ ನೋಡ್ಬೇಕು. ತಗ್ಗಿನ ಕಡೆ ಚಕ್ರಕ್ಕೆ ಹಲಗೆ ಕೊಡ್ಬೇಕು. ಇಲ್ಲಾಂದ್ರೆ ಬಚ್ಚಲ ನೀರು ಹಾಸಿಗೆ ಕಡೆ ಬರ್ತದೆ."

ಮಿಕ್ಕದ್ದನ್ನೂ ಅವನೇ ಹೇಳಿಕೊಟ್ಟ. ಅಕ್ಕಿ, ಬೇಳೆ, ಪಾತ್ರೆಯಂಥ ಭಾರವೆಲ್ಲ ಕೆಳಗೆ, ಮುಂದಿನ ಹಿಂದಿನ ಚಕ್ರಗಳ ನಡುವೆ. ಮೇಲಿನ ಕಪಾಟಿಗೆ ಬಟ್ಟೆ, ಹಪ್ಪಳ ಮಾತ್ರ. ಹೊರಡುವ ಮುಂಚೆ ಸಿಲಿಂಡರ್ ಬಂದ್. ಕಪಾಟಿಗೆಲ್ಲ ಚಿಲಕ. ಮಾಡಿನ ಮೇಲಿನ ಸೋಲಾರ್ ಹಲಗೆಯ ಧೂಳು ಒರೆಸದಿದ್ದರೆ ಸಂಜೆಗೆ ದೀಪವಿಲ್ಲ. "ಮತ್ತೆ ಅಕ್ಕಾ, ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಒಂದು ಸುತ್ತು ಹೋಗ್ಬನ್ನಿ. ನಿಂತ ಗಾಡಿ ನಿಂತಲ್ಲೇ ಕೆಡ್ತದೆ." ಸಂಗೀತಾ ಅವನ ಮುಖವನ್ನು ಒಂದು ಗಳಿಗೆ ನೋಡಿ, "ಆಯ್ತು" ಎಂದಳು.

ಗಾಡಿಯ ಹೊಟ್ಟೆಯಡಿ ಎರಡು ಟ್ಯಾಂಕು. ಒಂದು ಒಳ್ಳೆಯ ನೀರಿಗೆ, ಒಂದು ಬಚ್ಚಲ ನೀರಿಗೆ. ಒಳ್ಳೆಯ ನೀರಿಗೆ ನೀಲಿ ಪೈಪು, ಬಚ್ಚಲ ನೀರಿಗೆ ಹಸಿರು ಪೈಪು. ಯಾವ ಕಾರಣಕ್ಕೂ ಇದು ಅದಕ್ಕೆ ಮುಟ್ಟಬಾರದು ಎಂದು ಸಂಗೀತಾ ವಿವರಿಸಿದಾಗ ತೀರ್ಥಮ್ಮ ಹಿಗ್ಗಿದರು. "ಮಡಿ ಅನ್ನು! ಇಷ್ಟು ಉದ್ದ ಯಾಕೆ ಹೇಳ್ತೀಯ?"

"ಅಮ್ಮಾ, ಒಂದು ಮಾತು," ಎಂದ ಖಲಂದರ್. "ಮನೇಲಿ ನಲ್ಲಿ ತಿರುಗಿಸಿದ್ರೆ ಹಿಂದೆ ಇಡೀ ಊರಿನ ನೀರಿರ್ತದೆ. ಇಲ್ಲಿ ಈ ಟ್ಯಾಂಕು ಮುಗೀತಂದ್ರೆ ಮುಗೀತು."

"ನಾನೇನು ನಿನ್ನೆ ಹುಟ್ಟಿದ್ದೀನೇನಪ್ಪಾ?" ಎಂದರು ತೀರ್ಥಮ್ಮ.

ಸಂಗೀತಾಗೆ ರಜೆ ಸಿಕ್ಕಿದ್ದು ಹೋಳಿ ಹುಣ್ಣಿಮೆಗೆ. ಅದಾದ ಮೇಲೆ ಪರೀಕ್ಷೆ, ಪೇಪರು ತಿದ್ದುವುದು, ಮುಂದಿನ ರಜೆ ಮಳೆಗಾಲಕ್ಕೆ. ಅಷ್ಟರಲ್ಲಿ ಕಣ್ಣು ಎಲ್ಲಿಗೆ ಬಂದಿರುತ್ತದೋ. ಪಂಚಾಂಗದಲ್ಲಿ ಆ ಹುಣ್ಣಿಮೆಗೇ ಚಂದ್ರಗ್ರಹಣ. ತೀರ್ಥಮ್ಮ ಯೋಚಿಸಿ ತಾವೇ ತೀರ್ಮಾನ ಕೊಟ್ಟರು. "ಗ್ರಹಣದಲ್ಲಿ ಮನೆಯೊಳಗಿರ್ಬೇಕು, ಅಷ್ಟೇ ತಾನೆ? ಮನೆ ಎಲ್ಲಿದ್ರೇನು?"

ಬೀರೂರು ದಾಟಿ, ಅಜ್ಜಂಪುರದಲ್ಲಿ ಬಾಳೆಹಣ್ಣು ಹೂವು ಕೊಂಡು, ಊರ ನಲ್ಲಿಯಲ್ಲಿ ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿಕೊಂಡು, ಹೊತ್ತು ಇಳಿಯುವ ಮುಂಚೆ ಕಾವಲಿನ ಅಂಚಿಗೆ ಬಂದರು. ಕಾವಲಿನೊಳಗೆ ರಾತ್ರಿ ಉಳಿಯಲು ಅರಣ್ಯ ಇಲಾಖೆ ಬಿಡುವುದಿಲ್ಲ. ತವರಿನ ಕಡೆಯ ಹನುಮಂತಪ್ಪನ ಹೊಲ ಕಾವಲಿಗೆ ಅಂಟಿಕೊಂಡೇ ಇತ್ತು. ರಾಗಿ ಕೊಯ್ದ ಬಯಲು, ಬದುವಿನ ಪಕ್ಕ ದನಗಳಿಗೆಂದು ಕಟ್ಟಿಸಿದ ಸಿಮೆಂಟಿನ ತೊಟ್ಟಿ, ಅದೂ ಬೇಸಿಗೆಗೆ ಬರಿದು. ಸಂಗೀತಾ ಮೊದಲೇ ಫೋನು ಮಾಡಿ ಕೇಳಿದ್ದಳು. ಕೇಳದೆ ಯಾರ ನೆಲದಲ್ಲೂ ಗಾಡಿ ನಿಲ್ಲಿಸಬಾರದು ಎಂಬುದು ಅವಳ ಪಟ್ಟು. "ನಿಲ್ಸ್ಕೊಳ್ಳಿ ಕಣಮ್ಮಾ, ನಾನು ಮಗಳ ಮನೆಗೆ ಹೋಗಿರ್ತೀನಿ. ಅಲ್ಲಿ ನೀರೊಂದು ಇಲ್ಲ ನೋಡಿ," ಎಂದಿದ್ದ ಹನುಮಂತಪ್ಪ.

ತೀರ್ಥಮ್ಮ ಮಟ್ಟ ತಿಳಿಯಲು ದೀಪ ಹಚ್ಚಿ ಎಣ್ಣೆ ನೋಡಿದರು. ಎಣ್ಣೆ ಹಿಂದಕ್ಕೆ ವಾಲಿತ್ತು. "ಹಿಂದಿನ ಎಡಗಡೆ ಚಕ್ರ," ಎಂದರು. ಸಂಗೀತಾ ಹಲಗೆ ಇಟ್ಟು ಗಾಡಿ ಹತ್ತಿಸಿದಳು. ಎಣ್ಣೆ ಹಣತೆಯ ನಡುವೆ ಬಂದು ನಿಂತಿತು. ಅದೊಂದು ಸುಖ.

ಅಷ್ಟರಲ್ಲಿ ಸಂಗೀತಾ ಕೈ ತೋರಿಸಿದಳು. "ಅತ್ತೆ, ಅಲ್ಲಿ. ಆ ಜಾಲಿ ಮರದಾಚೆ."

ತೀರ್ಥಮ್ಮ ನೋಡಿದರು. ಹಳದಿ ಹುಲ್ಲು, ಅದರ ಮೇಲೆ ಬಿಸಿಲು, ಅದರಾಚೆ ಹೊಗೆ. ಹೊಗೆಯೊಳಗೆ ಏನೋ ಅಲುಗಿತೋ ಇಲ್ಲವೋ. ಕಣ್ಣು ಕಿರಿದು ಮಾಡಿದರು, ಕೈ ಅಡ್ಡ ಹಿಡಿದರು, ಕಣ್ಣು ಉಜ್ಜಿದರು.

"ಎಷ್ಟಿವೆ?"

"ತುಂಬಾ ಇವೆ. ಒಂದು ಕರೀದು."

"ಸರಿ ಬಿಡು," ಎಂದರು ತೀರ್ಥಮ್ಮ. "ಹೊತ್ತಾರೆ ಹತ್ರ ಬತ್ತವೆ." ಬರುತ್ತವೆಯೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ.

ಗ್ರಹಣ ಹಿಡಿದೇ ಚಂದ್ರ ಹುಟ್ಟುವುದಿತ್ತು. ತೀರ್ಥಮ್ಮ ಮಧ್ಯಾಹ್ನದಿಂದಲೇ ಬಾಯಿಗೆ ಏನೂ ಹಾಕಿರಲಿಲ್ಲ. ಉಪ್ಪಿನಕಾಯಿ ಭರಣಿಗೆ, ಹಾಲಿಗೆ, ಪೂಜೆಯ ತಂಬಿಗೆ ನೀರಿಗೆ ಒಂದೊಂದು ಗರಿಕೆ ಹಾಕಿಟ್ಟಿದ್ದರು. ಪರದೆಗಳನ್ನೆಲ್ಲ ಎಳೆದು ಕೂತರು.

"ಲಿಂಗ ಕಟ್ಟಿಕೊಂಡೋರಿಗೆ ಯಾವ ಗ್ರಹಣ ಅತ್ತೆ?" ಎಂದಳು ಸಂಗೀತಾ ಬಾಗಿಲಲ್ಲಿ.

"ಅದು ನನ್ನ ಕೇಳ್ಬೇಡ. ನಮ್ಮತ್ತೆ ಮಾಡೋರು, ನಾನು ಮಾಡ್ತೀನಿ. ನೀನು ಒಳಗೆ ಬಾ."

"ನಾನು ನೋಡ್ಬೇಕು," ಎಂದು ಅವಳು ಬದುವಿನುದ್ದಕ್ಕೂ ನಡೆದು ಹೋದಳು.

ತೀರ್ಥಮ್ಮ ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳುತ್ತ ಕೂತರು. ಹೊರಗೆ ಟಿಟ್ಟಿಭ ಹಕ್ಕಿ ಕೂಗುತ್ತಿತ್ತು. ಒಮ್ಮೆ ತಡೆಯಲಾರದೆ ಪರದೆಯ ಸಂದಿಯಿಂದ ನೋಡಿದರು. ಬಯಲಿನ ಕೊನೆಯಲ್ಲಿ ಮಸುಕು ಕೆಂಪಾದ ಏನೋ ಒಂದು ನೆಲದಿಂದ ಮೇಲೇಳುತ್ತಿತ್ತು, ಒಂದು ಮಗ್ಗುಲು ಯಾರೋ ಕಚ್ಚಿದ ಹಾಗೆ. ಅದರ ಮುಂದೆ ಕಡ್ಡಿಯಂತೆ ಸಂಗೀತಾ. ತಟ್ಟನೆ ಪರದೆ ಎಳೆದುಕೊಂಡರು.

ಮೋಕ್ಷದ ಹೊತ್ತು ಕಳೆದದ್ದೇ ಅವರು ಎದ್ದರು. ಗ್ರಹಣ ಬಿಟ್ಟ ಮೇಲೆ ಮನೆಯಲ್ಲಿ ಮಾಡುತ್ತಿದ್ದ ಮೊದಲ ಕೆಲಸ ಹಿಡಿದಿಟ್ಟ ನೀರು ಚೆಲ್ಲುವುದು. ಹಂಡೆ, ಕೊಡ, ಬಕೆಟ್ಟು ಎಲ್ಲ ಬರಿದು ಮಾಡಿ, ತೊಳೆದು, ಹೊಸ ನೀರು ತುಂಬಿ, ಸ್ನಾನ ಮಾಡಿ, ಆಮೇಲೆ ಒಲೆ ಹಚ್ಚುವುದು. ಇಲ್ಲಿ ಹಂಡೆಯಿಲ್ಲ. ಟ್ಯಾಂಕಿದೆ. ಗಾಡಿಯ ಹೊಟ್ಟೆಯಡಿ ಇದ್ದ ಟ್ಯಾಂಕಿಗೆ ಗರಿಕೆ ಹಾಕುವುದು ಹೇಗೆಂದು ತಿಳಿಯದೆ ಬಿಟ್ಟಿದ್ದರು. ಅವರು ಕೆಳಗಿಳಿದು, ಸೊಸೆ ತೋರಿಸಿಕೊಟ್ಟಿದ್ದ ನಲ್ಲಿಯನ್ನು ತಡವಿ ಹುಡುಕಿದರು. ಸುಮ್ಮನೆ ನೆಲಕ್ಕೆ ಬಿಡಲು ಮನಸ್ಸಾಗಲಿಲ್ಲ. ಗ್ರಹಣದ ನೀರು ಮನುಷ್ಯರಿಗೆ ಬೇಡ, ದನಕರುಗಳಿಗೆ ದೋಷವಿಲ್ಲ. ಪೈಪನ್ನು ತೊಟ್ಟಿಯವರೆಗೆ ಎಳೆದರು. ಅದರಲ್ಲೂ ನೀಲಿ ಪೈಪನ್ನೇ. ದನ ಬಾಯಿ ಹಾಕುವ ನೀರಿಗೆ ಬಚ್ಚಲ ಪೈಪು ಬೇಡವೆಂದು. ಇಳಿಜಾರಿನಲ್ಲಿ ನೀರು ಜುಳುಜುಳು ಹರಿದು ತೊಟ್ಟಿ ಸೇರಿತು. ಕೊನೆಯ ಹನಿ ಬಿದ್ದ ಮೇಲೆ ತೀರ್ಥಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಇನ್ನು ಹೊಸ ನೀರು ತುಂಬೋಣವೆಂದು ನಲ್ಲಿಗಾಗಿ ಸುತ್ತ ನೋಡಿದರು.

ಬಯಲು. ಬದು. ಬೆಳುದಿಂಗಳು.

ಆಗ ಅವರಿಗೆ ತಾವೇನು ಮಾಡಿದೆವೆಂದು ಗೊತ್ತಾಯಿತು. ಹೋಗಿ ಹೊಸ್ತಿಲ ಮೇಲೆ ಕೂತರು.

ಸಂಗೀತಾ ಬಂದವಳು ಪೈಪನ್ನು ನೋಡಿದಳು, ತೊಟ್ಟಿಯನ್ನು ನೋಡಿದಳು, ಬಗ್ಗಿ ಟ್ಯಾಂಕನ್ನು ಬೆರಳಿನಿಂದ ಬಡಿದಳು. ಬರಿದಾದ ಡೋಲಿನ ಸದ್ದು.

"ಅತ್ತೆ! ಏನಿದು?"

"ಗ್ರಹಣದ ನೀರು ಕಣೇ... ಕೈ ತಾನಾಗೇ..."

"ಕೈ ತಾನಾಗೇನಾ? ತಲೆ ಎಲ್ಲಿಟ್ಟಿದ್ರಿ? ಖಲಂದರ್ ಬಡ್ಕೊಂಡ, ನಾನು ಬಡ್ಕೊಂಡೆ, ಹನುಮಂತಪ್ಪನೂ ಹೇಳಿದ! ಇನ್ನು ಸ್ನಾನ ಹೆಂಗೆ ಮಾಡ್ತೀರಿ? ಪೂಜೆ ಹೆಂಗೆ? ಸಕ್ಕರೆ ಕಾಯಿಲೆ ಇಟ್ಕೊಂಡು ಮಧ್ಯಾಹ್ನದಿಂದ ಉಪವಾಸ ಬೇರೆ!"

ಅವಳ ದನಿ ಬಯಲ ತುಂಬ ಹೋಗಿ ಬಂತು. ಎರಡು ವರ್ಷದಲ್ಲಿ ಮೊದಲ ಸಲ ಹುಡುಗಿ ಬೈಯುತ್ತಿದ್ದಳು. ತೀರ್ಥಮ್ಮ ಬೆರಗಾಗಿ ಅವಳ ಬಾಯಿಯನ್ನೇ ನೋಡುತ್ತ ಕೂತರು. ಬೈಗುಳ ಮುಗಿದುಬಿಟ್ಟರೆ ಎಂಬ ಭಯಕ್ಕೆ ಮಧ್ಯೆ ಮಾತೇ ಆಡಲಿಲ್ಲ.

"ಯಾಕೆ ಸುಮ್ನಿದ್ದೀರಿ?"

"ಬೈಯಿ. ಇನ್ನೂ ಬೈಯಿ."

ಸಂಗೀತಾ ಬಕೆಟ್ಟು ತೆಗೆದುಕೊಂಡು ತೊಟ್ಟಿಯ ಕಡೆ ಹೊರಟಳು. "ಎಲ್ಲೂ ಹೋಗಿಲ್ಲ ನೀರು. ಮೊಗೆದು ತರ್ತೀನಿ."

"ಬೇಡ. ಅದು ನನಗೆ ನಡೆಯಲ್ಲ ಸಂಗೀತಾ."

"ಅದೇ ನೀರು ಅತ್ತೆ!"

"ಅದೇ ನೀರಲ್ಲ."

ಆ ಮಾತಿನ ಮುಂದೆ ವಾದ ನಡೆಯಲಿಲ್ಲ. ರಾತ್ರಿ ಹೊತ್ತು ದಾರಿಯ ಹಳ್ಳ ದಾಟಿ ಗಾಡಿ ಇಳಿಸುವಂತಿರಲಿಲ್ಲ. ತಂಬಿಗೆಯ ನೀರು ಪೂಜೆಗಷ್ಟೇ. ಸಂಗೀತಾ ಕೊನೆಗೆ ಹೇಳಿದಳು, "ಹಂಗಾದ್ರೆ ಕೇಳಿ. ಬೆಳಕು ಹರೀತಿದ್ದ ಹಾಗೇ ಗಾಡಿ ಸ್ಟಾರ್ಟ್ ಮಾಡ್ತೀನಿ. ಊರಲ್ಲಿ ನೀರು ಹಿಡಿದು ನಿಮಗೆ ಸ್ನಾನ, ಊಟ. ಚಿಗರೆ ಇಲ್ಲ, ಏನೂ ಇಲ್ಲ. ಇಂಜಿನ್ ಸದ್ದಿಗೆ ಅವು ಮೂರು ಮೈಲಿ ಓಡ್ತವೆ. ಓಡ್ಲಿ. ನನಗೆ ನೀವು ಬೇಕು."

ತೀರ್ಥಮ್ಮ ತಲೆಯಾಡಿಸಿದರು. ತಪ್ಪು ತಮ್ಮದು. ಹುಡುಗಿ ಒಂದು ಡಬ್ಬಿ ಅವಲಕ್ಕಿ ತೆಗೆದು, ಕೋಪಕ್ಕೆ ಕರಕರ ಅಗಿದು, ಬುಡದವರೆಗೆ ಖಾಲಿ ಮಾಡಿದಳು. ಹಸಿದ ಹೊಟ್ಟೆಯಲ್ಲಿ ಆ ಸದ್ದು ಕೇಳುತ್ತ ತೀರ್ಥಮ್ಮನಿಗೆ ನಿದ್ದೆ ಹತ್ತಿತು.

ಎಚ್ಚರವಾದಾಗ ಪರದೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸಂಗೀತಾ ಆಗಲೇ ಹಲಗೆ ತೆಗೆದು, ಚಿಲಕ ಹಾಕಿ, ಡ್ರೈವರ್ ಸೀಟಿನಲ್ಲಿ ಕೂತು ಕೀ ಹಾಕುತ್ತಿದ್ದಳು. ಕೊನೆಗೆ ಒಂದು ಸಲ ಕಾವಲನ್ನಾದರೂ, ಅದರ ಹೊಗೆಯನ್ನಾದರೂ ನೋಡಿಬಿಡೋಣವೆಂದು ತೀರ್ಥಮ್ಮ ಪರದೆ ಸರಿಸಿದರು.

ಕಿಟಕಿಯಾಚೆ ಒಂದು ಕೊಂಬಿತ್ತು.

ತಿರುಪು ಕೊಟ್ಟು ಮಾಡಿದ ಹಾಗೆ ಸುತ್ತಿ ಸುತ್ತಿ ಮೇಲೆ ಹೋದ ಕೊಂಬು. ಅದರ ಜೊತೆ ಇನ್ನೊಂದು. ಅವುಗಳ ಕೆಳಗೆ ಕಾಡಿಗೆಯಂಥ ಮುಖ, ಕಣ್ಣಿನ ಸುತ್ತ ವಿಭೂತಿ ಬಳಿದಂತೆ ಬಿಳುಪು.

"ಸಂಗೀತಾ," ಎಂದರು, ಉಸಿರಿಗಿಂತ ಮೆಲ್ಲಗೆ. "ಕೀ ತಿರುಗಿಸ್ಬೇಡ."

ತೊಟ್ಟಿಯ ಸುತ್ತ ಅವು ನಿಂತಿದ್ದವು. ಜೇನಿನ ಬಣ್ಣದ ಹೆಣ್ಣುಗಳು, ಅವುಗಳ ಕಾಲ ಸಂದಿಯಲ್ಲಿ ಮರಿಗಳು, ಒಂದು ಬದಿಗೆ ಆ ಕರಿಯ ಗಂಡು. ಗಾಡಿಯನ್ನು ಅವು ಬಂಡೆಯೆಂದುಕೊಂಡಿದ್ದವೋ ಏನೋ, ತಿರುಗಿಯೂ ನೋಡಲಿಲ್ಲ. ಸರದಿಯ ಮೇಲೆ ಕತ್ತು ಇಳಿಸಿ ನೀರು ಹೀರುತ್ತಿದ್ದವು. ಹೀರುವ ಸದ್ದು ಗಾಜಿನಾಚೆಯಿಂದ ಕೇಳುತ್ತಿತ್ತು. ನೀರು ಗಂಟಲಲ್ಲಿ ಇಳಿಯುವುದು ಚರ್ಮದ ಮೇಲೆ ಕಾಣುತ್ತಿತ್ತು. ಒಂದು ಮರಿ ತೊಟ್ಟಿಯ ಅಂಚಿಗೆ ಎಟುಕದೆ ತಾಯಿಯ ಗಲ್ಲದಿಂದ ತೊಟ್ಟಿಕ್ಕುವ ಹನಿಯನ್ನು ನೆಕ್ಕುತ್ತಿತ್ತು.

ತೀರ್ಥಮ್ಮನಿಗೆ ತಮ್ಮ ಕೈ ಯಾವಾಗ ಮುಗಿದುಕೊಂಡಿತೋ ತಿಳಿಯದು. ಎಷ್ಟೋ ದಿನದಿಂದ ಲೋಕ ಅವರಿಂದ ದೂರ ಸರಿದು ಸರಿದು ಹೋಗುತ್ತಿತ್ತು. ಈಗ ಅದೇ ತಾನಾಗಿ ನಡೆದು ಬಂದು ಕಿಟಕಿಯ ಹತ್ತಿರ ನಿಂತಿತ್ತು. ಅಪ್ಪನ ಗಾಡಿಯ ಮೂಕಿಯ ಮೇಲೆ ಕೂತಾಗಲೂ ಇಷ್ಟು ಹತ್ತಿರ ಕಂಡಿರಲಿಲ್ಲ.

ಸಂಗೀತಾ ಸದ್ದಾಗದಂತೆ ಹಿಂದೆ ಬಂದು ಪಕ್ಕದಲ್ಲಿ ಕೂತಳು. ಅವಳ ಭುಜ ತಾಗಿತು.

"ಕಣ್ಣಿನ ಸುತ್ತ ಬಿಳಿ ಇದೆ. ಕಾಣ್ತಾ ಅತ್ತೆ?"

"ಕಾಣ್ತದೆ."

"ರೆಪ್ಪೆ?"

"ರೆಪ್ಪೇನೂ ಕಾಣ್ತದೆ ಕಣೇ. ಸುಮ್ನಿರು."

ಸೂರ್ಯನ ಮೊದಲ ಗೆರೆ ಬಯಲಿಗೆ ಬಿತ್ತು. ಕರಿಯ ಗಂಡು ತಲೆಯೆತ್ತಿ ಗಾಳಿ ಮೂಸಿತು. ಮೂತಿಯಿಂದ ನೀರು ಇಳಿಯುತ್ತಿತ್ತು. ಆಮೇಲೆ ಒಂದು ಹೆಣ್ಣು ಯಾವ ಕಾರಣವೂ ಇಲ್ಲದೆ ನೆಗೆಯಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಎಲ್ಲವೂ. ಅವು ಓಡಿದ ಹಾಗಿರಲಿಲ್ಲ. ನೆಲವೇ ಅವನ್ನು ಎತ್ತೆತ್ತಿ ಎಸೆದ ಹಾಗಿತ್ತು. ಜಾಲಿ ಮರ ದಾಟುತ್ತಲೇ ತೀರ್ಥಮ್ಮನ ಪಾಲಿಗೆ ಅವು ಮತ್ತೆ ಹೊಗೆಯಾದವು.

ಸಂಗೀತಾ ಸೆರಗಿಲ್ಲದ ಚೂಡಿದಾರದ ತೋಳಿನಲ್ಲಿ ಮುಖ ಒರೆಸಿಕೊಂಡು, ಮುಂದಿನ ಸೀಟಿಗೆ ಹೋಗಲು ಎದ್ದಳು. "ಹೊರಡೋಣ. ನಿಮಗೆ ತಲೆ ಸುತ್ತಿದ್ರೆ ಹೇಳಿ."

"ಬಕೆಟ್ಟು ತಗೋ," ಎಂದರು ತೀರ್ಥಮ್ಮ.

"ಯಾಕೆ?"

"ತೊಟ್ಟೀಲಿ ಉಳಿದಿದ್ರೆ ಮೊಗೆದು ತಗೊಂಬಾ. ಸ್ನಾನ ಮಾಡ್ತೀನಿ."

ಸಂಗೀತಾ ನಿಂತಲ್ಲೇ ನಿಂತಳು. "ಗ್ರಹಣದ ನೀರು ಅದು."

"ಅವು ಕುಡಿದಾವೆ. ಇನ್ನೆಲ್ಲಿಂದ ಬತ್ತದೆ ಅದಕ್ಕೆ ಗ್ರಹಣ?"

"ಎಂಜಲು ಅತ್ತೆ!"

"ತಗೊಂಬಾ ಅಂದ್ರೆ ತಗೊಂಬಾ. ನಿನ್ನೆ ವಾದ ಮಾಡಿದ್ದು ಸಾಲ್ದಾ?"

ಒಂದೂವರೆ ಬಕೆಟ್ಟು ಸಿಕ್ಕಿತು. ಬಚ್ಚಲೆಂದು ಕರೆಯುವ ಆ ಪೆಟ್ಟಿಗೆಯೊಳಗೆ ತೀರ್ಥಮ್ಮ ಕಾಲು ಮುದುಡಿ ಕೂತು ಮೊದಲ ಚೊಂಬನ್ನು ತಲೆಯ ಮೇಲೆ ಸುರಿದುಕೊಂಡರು. ರಾತ್ರಿಯೆಲ್ಲ ಬಯಲಲ್ಲಿ ತಣಿದ ನೀರು ಮೈ ಕೊರೆಯಿತು. ಅದಕ್ಕೆ ಹುಲ್ಲಿನ, ಹಸಿ ಮೈಯ ವಾಸನೆಯಿತ್ತು. ಆಮೇಲೆ ದೀಪ ಹಚ್ಚಿ, ತಂಬಿಗೆಯ ಗರಿಕೆ ತೆಗೆದು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗ ಕಣ್ಣು ಮುಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ನೋಡಿದ್ದು ಇನ್ನೂ ಕಣ್ಣಲ್ಲೇ ಇತ್ತು.

ಉಳಿದ ಚೂರು ನೀರಿನಲ್ಲಿ ಸಂಗೀತಾ ತಾನೂ ಮುಖ ತೊಳೆದುಕೊಂಡಳು. ಬಾಳೆಹಣ್ಣು, ಹಾಲು ಅತ್ತೆಯ ಮುಂದಿಟ್ಟಳು. ಅವರು ತಿಂದು ಮುಗಿಸುವವರೆಗೂ ಎದುರಿಗೇ ಕೂತಿದ್ದು, ಸಿಲಿಂಡರ್ ಬಂದ್ ಮಾಡಿ, ನೀಲಿ ಪೈಪು ಸುತ್ತಿಟ್ಟು, ಗಾಡಿಯ ಸುತ್ತ ಒಮ್ಮೆ ನಡೆದು ಬಂದು ಸೀಟಿಗೆ ಕೂತಳು. ಕೀ ತಿರುಗಿಸುವ ಮುಂಚೆ ಹಿಂದಕ್ಕೆ ತಿರುಗಿದಳು.

"ಅಜ್ಜಂಪುರಕ್ಕೆ ಹೋಗಿ ವಾಪಸ್ ಇಲ್ಲಿಗೇ ಬರೋಣ ಅತ್ತೆ. ಟ್ಯಾಂಕು ಪೂರ್ತಿ ತುಂಬಿಸ್ಕೊಂಡು."

"ಯಾಕೇ?"

"ತೊಟ್ಟಿ ಬರಿದಾಯ್ತಲ್ಲ."

ತೀರ್ಥಮ್ಮ ಆರಿದ ದೀಪವನ್ನು ಮಡಿಲಲ್ಲಿ ಹಿಡಿದು ಕೂತಿದ್ದರು. ಗಾಡಿ ಹೊಲದಿಂದ ಹಳ್ಳಕ್ಕೆ ಇಳಿಯುವಾಗ ಎಣ್ಣೆ ಮುಂದಕ್ಕೆ ವಾಲಿತು.